ನನ್ನ ದಿನದ ನೀರು

ನನ್ನ ಗಂಡನ ಅಣ್ಣನ ಮೇಲಿರುವ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಕವಲಂದೆ ಕಡೆಯ ನಮ್ಮ ಜಮೀನು ಭಾಗವಾದಾಗ ಇದ್ದದ್ದು ಒಂದೇ ಬೋರ್‌ವೆಲ್. ದಿನ ಬಿಟ್ಟು ದಿನ ಎಂದು ಮಾವ ತೀರ್ಮಾನ ಮಾಡಿದರು. ಒಂದು ದಿನ ಭಾವನಿಗೆ, ಮರುದಿನ ನಮಗೆ. ನನ್ನ ಗಂಡ ಬಸ್ ಕಂಡಕ್ಟರ್, ಹಾಗಾಗಿ ಬೇಸಾಯವೆಲ್ಲ ನನ್ನದೇ. ಇಡೀ ದಿನ ಹಾಯಿಸಿದರೂ ಬಾಳೆಯ ಕೊನೆಯ ಸಾಲು ಒಣಗುತ್ತಿತ್ತೆಂದು, ಸರ್ಕಾರದ ಸಬ್ಸಿಡಿಯಲ್ಲಿ ಹನಿ ನೀರಾವರಿಯ ಡ್ರಿಪ್ ಹಾಕಿಸಿದೆ. ಆಮೇಲೆ ಎರಡೇ ಗಂಟೆಯಲ್ಲಿ ಪ್ರತಿ ಬುಡವೂ ನೆನೆಯುತ್ತಿತ್ತು. ಮೋಟರು ಆರಿಸಿ ಮನೆಗೆ ಹೋಗುತ್ತಿದ್ದೆ. ಬೋರು ಸುಧಾರಿಸಿಕೊಳ್ಳಲಿ, ಬೇಸಿಗೆಗೆ ಬೇಕಾಗುತ್ತದೆ ಎಂದುಕೊಂಡಿದ್ದೆ. ಎಂಥ ಪೆದ್ದಿ ನಾನು.

ನಾನು ಬೆನ್ನು ತಿರುಗಿಸಿದ್ದೇ ತಡ, ಭಾವ ಮೋಟರು ಹಾಕಿ ತಮ್ಮ ಭತ್ತಕ್ಕೆ ನೀರು ತಿರುಗಿಸಿಕೊಳ್ಳುತ್ತಿದ್ದರು. ಅವರ ಗದ್ದೆಗೆ ಕಾಲಿಟ್ಟರೆ ಮೊಣಕಾಲವರೆಗೂ ಕೆಸರು. ಹೋಗಿ ಕೇಳಿದೆ. ಭಾವನ ಎದುರು ನಿಂತು ಮಾತಾಡಿದ ಸೊಸೆ ಆ ಮನೆಯಲ್ಲಿ ನಾನೇ ಮೊದಲು.

“ನಿಂಗೆ ಎಲ್ಡು ಗಂಟೆ ಸಾಕಲ್ಲವ್ವ. ಮಿಕ್ಕುದ್ದು ಸುಮ್ನೆ ನೆಲದೊಳ್ಗೆ ಕೊಳೀಬೇಕಾ?” ಎಂದರು.

“ಬೇಸ್ಗೆಗೆ ಇರ್ಲಿ ಅಂತ ಬುಟ್ಟಿರದು, ಭಾವ.”

“ಇವ್ಳು ನೀರ್ನೂ ಡಬ್ಬೀಲಿ ಮುಚ್ಚಿಡ್ತಾಳೆ ಕಣ್ರಲಾ,” ಎಂದು ಪಕ್ಕದಲ್ಲಿದ್ದವರಿಗೆ ಹೇಳಿ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಯುಗಾದಿ ಕಳೆಯುವಷ್ಟರಲ್ಲಿ ಬೋರು ಕೆಮ್ಮತೊಡಗಿತು. ನನ್ನ ದಿನ ಬಂದರೆ ಪೈಪಿನ ತುದಿಯವರೆಗೂ ನೀರು ಹೋಗುತ್ತಿರಲಿಲ್ಲ. ಗೊನೆ ಬಿಟ್ಟ ರಸಬಾಳೆ ಒಂದೊಂದಾಗಿ ನಡು ಮುರಿದು ಬಿದ್ದವು. ನ್ಯಾಯ ಕೇಳಲು ಊರ ಹಿರಿಯರ ಮುಂದೆ ಹೋದೆ.

“ದಿನ ನಿಂದೇಯ,” ಎಂದರು ಅವರಲ್ಲಿ ಒಬ್ಬರು. “ಆದ್ರೆ ನೀನೇ ಮೋಟ್ರು ಆರ್ಸಿ ಹೋದ್ಮೇಲೆ ಅದು ಬುಟ್ಟ ನೀರು ಕಣವ್ವ, ಯಾರ್ ಬೇಕಾದ್ರೂ ಹಾಯಿಸ್ಕಬೋದು.” ಮಿಕ್ಕವರು ತಲೆಯಾಡಿಸಿದರು. ಇವರ ಮುಖ ಇನ್ನು ನೋಡಬಾರದು ಅನ್ನಿಸಿ ಎದ್ದು ಬಂದೆ.

ಮಳೆ ಬಿದ್ದು ಬೋರು ಚೇತರಿಸಿಕೊಂಡಿತು. ಡ್ರಿಪ್ ಪೈಪನ್ನೆಲ್ಲ ಸುತ್ತಿ ಕೊಟ್ಟಿಗೆಗೆ ಎಸೆದೆ. ನನ್ನ ದಿನದಲ್ಲಿ ಕರೆಂಟು ಇರುವಷ್ಟು ಹೊತ್ತೂ ನೀರು ಹಾಯಿಸಿದೆ. ಉಳಿದ ಬಾಳೆಗೆ ಸಾಕಾಗಿ ಮಿಕ್ಕಿದ್ದು ಬದು ದಾಟಿ ರಸ್ತೆಗೆ ಹರಿಯಿತು. ಪೋಲಾಗುವುದನ್ನು ನೋಡಿ ನನಗೇ ಹೊಟ್ಟೆ ಉರಿಯಿತು. ಆದರೂ ಮೋಟರು ಆರಿಸಲಿಲ್ಲ.

ಸಬ್ಸಿಡಿ ಕೊಟ್ಟ ಡ್ರಿಪ್ ಹೇಗಿದೆಯೆಂದು ನೋಡಲು ಇಲಾಖೆಯ ಒಬ್ಬ ಅಧಿಕಾರಿ ಬಂದರು. ರಸ್ತೆಯ ಕೆಸರಿನಲ್ಲೇ ಬೈಕು ನಿಲ್ಲಿಸಿ ಕೇಳಿದರು, “ಯಾಕಮ್ಮ ಕಿತ್ತಾಕಿದ್ರಿ? ನೀರು ಉಳೀಲಿಲ್ವಾ?”

“ಉಳೀತು ಸಾ,” ಎಂದೆ. “ಅದ್ಕೇ ಕಿತ್ತಾಕ್ದೆ.”