ಖಾಲಿ ಜಾಗದ ಗಣಪತಿ

ವೆಸ್ಟ್ ಮಾಂಬಲಂನ ನಮ್ಮ ಹೊಸ ಅಪಾರ್ಟ್‌ಮೆಂಟು ಬಣ್ಣ ಬಳಿದುಕೊಂಡು, ಲಿಫ್ಟಿಗೆ ಕುಂಕುಮವನ್ನೂ ಇಡಿಸಿಕೊಂಡು ಸಿದ್ಧವಾಗಿತ್ತು. ವಾಸಕ್ಕೆ ಯೋಗ್ಯವೆಂಬ ಸರ್ಟಿಫಿಕೇಟೊಂದು ಬರಬೇಕಿತ್ತು. ಅದಿಲ್ಲದೆ ಕಾಯಂ ಕರೆಂಟಿಲ್ಲ, ಕರೆಂಟಿಲ್ಲದೆ ನಾವು ಹೋಗುವಂತಿಲ್ಲ. ಇತ್ತ ನಮ್ಮ ಬಾಡಿಗೆ ಮನೆಗೆ ತಿಂಗಳ ಕೊನೆಗೆ ಮಾಲೀಕರ ಮಗಳು ಸಂಸಾರ ಸಮೇತ ಬರುವವಳಿದ್ದಳು. ಅವಳ ವಾಷಿಂಗ್ ಮಷೀನು ಆಗಲೇ ಬಂದು ನಮ್ಮ ಹಾಲ್‌ನಲ್ಲಿ ಕೂತಿತ್ತು.

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ಸಿಳಿದು ವಾಪಸು ಬರುವ ಜಾತಿ ನನ್ನದು. ಸರ್ಟಿಫಿಕೇಟಿನ ತಪಾಸಣೆಗೆ ವಿಘ್ನ ಬರದಿರಲೆಂದು ಕಲ್ಲಿನ ಗಣಪತಿಯೊಂದನ್ನು ತಂದೆ. ಗೇಟಿನ ಬಳಿ ಇಟ್ಟರೆ ಕಾರುಗಳಿಗೆ ಅಡ್ಡ, ಲಿಫ್ಟಿನ ಬಳಿ ಚಪ್ಪಲಿಗಳು. ಕಾಂಪೌಂಡಿಗೂ ಕಟ್ಟಡಕ್ಕೂ ನಡುವೆ ಯಾರಿಗೂ ಬೇಡವಾದಂತಿದ್ದ ಜಾಗ ಕಣ್ಣಿಗೆ ಬಿತ್ತು. ಅಲ್ಲೇ ಸಿಮೆಂಟಿನ ಕಟ್ಟೆ ಕಟ್ಟಿಸಿ, ಮೇಲೊಂದು ಪುಟ್ಟ ಚಾವಣಿ ಹಾಕಿಸಿ ಕೂರಿಸಿದೆ.

ತಪಾಸಣೆಗೆ ಬಂದ ಅಧಿಕಾರಿ ಗಣಪತಿಯನ್ನು ಕಂಡದ್ದೇ ಶೂ ಕಳಚಿ, ಕಿವಿ ಹಿಡಿದು ಬಸ್ಕಿ ಹೊಡೆದರು. ಮತ್ತೆ ಶೂ ಹಾಕಿಕೊಂಡು ಟೇಪು ಬಿಚ್ಚಿದರು.

"ಪಿಳ್ಳೈಯಾರ್ ಬಹಳ ಲಕ್ಷಣವಾಗಿದ್ದಾರೆ ಸಾರ್," ಎಂದರು ತಮಿಳಿನಲ್ಲಿ. "ಆದ್ರೆ ಸೆಟ್‌ಬ್ಯಾಕ್‌ನಲ್ಲಿ ಕೂತಿದ್ದಾರೆ. ಇದು ಖಾಲಿ ಇರಬೇಕಾದ ಜಾಗ."

"ಹಾಗಾದ್ರೆ ತೆಗೀಬೇಕಾ ಸಾರ್?"

"ದೇವರನ್ನ ತೆಗೀರಿ ಅಂತ ನಾನು ಹೇಗೆ ಹೇಳ್ಲಿ? ಅವರು ಇಲ್ಲದಿರೋ ದಿನ ಫೋನ್ ಮಾಡಿ, ಬರ್ತೀನಿ."

ಗಣಪತಿಯನ್ನು ಮುಟ್ಟಲು ಯಾರೂ ತಯಾರಿರಲಿಲ್ಲ. ಅಕ್ಕಪಕ್ಕದ ಫ್ಲಾಟಿನವರಿಗೆಲ್ಲ ಒಟ್ಟಿಗೇ ಸೊಂಟನೋವು ಬಂತು.

"ಅಲ್ರೀ," ಎಂದಳು ಹೆಂಡತಿ, "ವಿಘ್ನ ಬರಬಾರ್ದು ಅಂತ ವಿಘ್ನಕ್ಕೇ ಕಟ್ಟೆ ಕಟ್ಟಿಸಿ ಕೂರಿಸಿದ್ರಲ್ಲ."

"ಮೆಲ್ಲಗೆ ಮಾತಾಡೇ, ಕೇಳಿಸ್ಕೋತಾನೆ."

"ಕೇಳಿಸ್ಕೊಳ್ಳಲಿ. ಅಷ್ಟು ದೊಡ್ಡ ಕಿವಿ ಇರೋದು ಮತ್ಯಾಕೆ?"

ದಾರಿ ತೋರಿದವರು ಬೀದಿಯ ಕೊನೆಯ ದೇವಸ್ಥಾನದ ಅರ್ಚಕರು. ಗುಡಿ ರಿಪೇರಿಯಾಗುವಾಗ ದೇವರನ್ನು ಬಾಲಾಲಯವೆಂಬ ತಾತ್ಕಾಲಿಕ ಬಿಡಾರಕ್ಕೆ ಸಾಗಿಸುತ್ತಾರಂತೆ.

"ಇವನನ್ನ ಎಲ್ಲಿಗೆ ಸಾಗಿಸೋದು ಸ್ವಾಮಿ?"

"ಕೂರಿಸಿದೋರ ಮನೆಗೆ. ಇನ್ನೆಲ್ಲಿಗೆ?"

ಪೂಜೆ ಮುಗಿಸಿ, ಗಣಪತಿಯನ್ನು ಆಟೋದಲ್ಲಿ ಬಾಡಿಗೆ ಮನೆಗೆ ತಂದೆ. ಜಾಗವಿಲ್ಲದೆ ವಾಷಿಂಗ್ ಮಷೀನಿನ ಮೇಲೇ ಕೂತ. ಅತ್ತ ಮೇಸ್ತ್ರಿ ಕಟ್ಟೆ ಒಡೆಯುವಾಗ ನಾನು ಸದ್ದು ಕೇಳಿಸದಿರಲೆಂದು ರೈಲ್ವೆ ಸ್ಟೇಷನ್ನಿನವರೆಗೆ ಹೋಗಿ ನಿಂತಿದ್ದೆ.

ಅಧಿಕಾರಿ ಮತ್ತೆ ಬಂದರು. ಅಳೆದರು. ಖಾಲಿ ಜಾಗಕ್ಕೂ ಅಭ್ಯಾಸಬಲದಿಂದ ಕೈಮುಗಿದರು. ಸರ್ಟಿಫಿಕೇಟು ಬಂತು, ಬೆನ್ನಿಗೇ ಕರೆಂಟೂ ಬಂತು. ಮಾಲೀಕರ ಮಗಳು ಬರುವ ಹಿಂದಿನ ದಿನ, ಗಣಪತಿಯನ್ನು ತೊಡೆಯ ಮೇಲಿಟ್ಟುಕೊಂಡು ಸಾಮಾನಿನ ವ್ಯಾನಿನಲ್ಲಿ ಹೊಸ ಮನೆ ತಲುಪಿದೆ. ಗೇಟಿನಲ್ಲಿ ಸೊಂಟನೋವಿನವರೆಲ್ಲ ಕರ್ಪೂರ, ಬಾಳೆಹಣ್ಣು ಹಿಡಿದು ನಿಂತಿದ್ದರು. ಮೇಸ್ತ್ರಿಯೂ ಸಿಮೆಂಟು ಕಲಸುತ್ತಿದ್ದ.

"ಹಳೇ ಜಾಗದಲ್ಲೇ ಕೂರಿಸೋಣ ಸಾರ್. ಇನ್ಯಾರು ಬರ್ತಾರೆ ಅಳೆಯೋಕೆ?" ಎಂದರು ಪಕ್ಕದ ಫ್ಲಾಟಿನವರು.

ನಾನು ತಬ್ಬಿಕೊಂಡವನು ಬಿಡಲಿಲ್ಲ. ಸೀದಾ ಲಿಫ್ಟು ಹತ್ತಿದೆ.

ಈಗ ಅವನು ನಮ್ಮ ಬಾಲ್ಕನಿಯಲ್ಲಿದ್ದಾನೆ. ಬಾಲ್ಕನಿ ಅಷ್ಟು ಕಲ್ಲಿನ ಭಾರ ತಡೆಯುತ್ತದೆಯೋ ಇಲ್ಲವೋ ಎಂದು ಯಾರನ್ನಾದರೂ ಕೇಳಬೇಕೆಂದಿದ್ದೆ. ಹೆಂಡತಿ ಆ ಅಧಿಕಾರಿಯ ನಂಬರನ್ನು ನನ್ನ ಫೋನಿನಿಂದ ಅಳಿಸಿದ್ದಾಳೆ.