ಗೇಟು ಹಿಗ್ಗಿದ ಬೇಸಿಗೆ

ಇಟ್ಟಮಡುವಿನ ನಮ್ಮ ರಸ್ತೆಯಲ್ಲಿ ತುದಿಯಿಂದ ತುದಿಗೆ ನಡೆದರೆ, ಮನೆಗಳ ಹೆಸರಿಗಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ‘ದಯವಿಟ್ಟು ಗೇಟು ಹಾಕಿ’ ಎಂಬ ಫಲಕ. ಕೆಲವರು ‘ದಯವಿಟ್ಟು’ ಎಂಬುದನ್ನು ಕೈಬಿಟ್ಟಿದ್ದಾರೆ; ಮೂಲೆಮನೆಯವರು ಕೊನೆಯಲ್ಲಿ ಮೂರು ಆಶ್ಚರ್ಯಸೂಚಕ ಚಿಹ್ನೆ ನಿಲ್ಲಿಸಿ ದಯೆಯ ಕೊರತೆಯನ್ನು ತುಂಬಿಕೊಂಡಿದ್ದಾರೆ. ಗೇಟು ತೆರೆದಿಟ್ಟು ಹೋಗುವವರು, ಮುಚ್ಚಿ ಹೋಗುವವರು ಎಂದು ಮನುಷ್ಯರಲ್ಲಿ ಎರಡೇ ವರ್ಗವೆಂದು ನಾನೂ ಬಹುಕಾಲ ನಂಬಿದ್ದೆ. ನಾನು ಎರಡನೆಯ ವರ್ಗಕ್ಕೆ ಸೇರಿದವಳೆಂಬ ಹೆಮ್ಮೆ ಬೇರೆ.

ನಮ್ಮದು ಹನ್ನೆರಡು ಅಡಿ ಅಗಲದ, ಒಂದೇ ಬಾಗಿಲಿನ ಕಬ್ಬಿಣದ ಗೇಟು. ಗಾಳಿಗೆ ಅದು ಲೊಟಲೊಟ ಎನ್ನುತ್ತಿತ್ತೆಂದು ಸಂಕ್ರಾಂತಿಯ ಹೊತ್ತಿಗೆ ಸಾರಕ್ಕಿಯ ವೆಲ್ಡಿಂಗ್ ಅಂಗಡಿಯ ಮುನಿರಾಜುವನ್ನು ಕರೆಸಿ, ಚಿಲಕ ಕೂರುವ ಕಡೆಗೊಂದು ಪಟ್ಟಿ ಸೇರಿಸಿ ಬಿಗಿ ಮಾಡಿಸಿದೆ. ಆತ ಒಂದು ನೂಲಿನಷ್ಟು ಸಂದು ಬಿಡುತ್ತೇನೆಂದ. ಕೂದಲು ತೂರುವಷ್ಟೂ ಬೇಡವೆಂದೆ. ಚಳಿಯ ಆ ಬೆಳಿಗ್ಗೆ ಗೇಟು ಎಷ್ಟು ಮೆತ್ತಗೆ ಹೋಗಿ ಕೂತಿತೆಂದರೆ, ಅದನ್ನು ನಾಲ್ಕು ಸಲ ತೆಗೆದು ನಾಲ್ಕು ಸಲ ಹಾಕಿ ಆನಂದಪಟ್ಟೆ.

ನಮ್ಮ ಮಹಡಿಯ ಮನೆಯಲ್ಲಿ ಬಾಡಿಗೆಗೆ ಇರುವವಳು ಮಹಾದೇವಿ, ಗದಗಿನ ಕಡೆಯ ಹುಡುಗಿ. ಬಿಟಿಎಂ ಬಡಾವಣೆಯ ಒಂದು ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಅವಳಿಗೆ ಮಧ್ಯಾಹ್ನದ ಪಾಳಿ. ನಾನು ಹೈಸ್ಕೂಲಿನಲ್ಲಿ ಟೀಚರಾಗಿದ್ದೆನೆಂದು ತಿಳಿದಂದಿನಿಂದ, ತನ್ನೂರಿನ ರೂಢಿಯಂತೆ ನನ್ನನ್ನು ‘ಅಕ್ಕೋರ’ ಎನ್ನುತ್ತಾಳೆ. ಬೇಸಿಗೆ ಏರುತ್ತಿದ್ದಂತೆ ಈ ಸಾಧುಹುಡುಗಿಯ ಮೇಲೆ ನನ್ನ ಆರೋಪಪಟ್ಟಿ ಬೆಳೆಯತೊಡಗಿತು. ಒಂದೂವರೆಗೆ ಕೆಲಸಕ್ಕೆ ಹೊರಡುವಾಗ ಗೇಟನ್ನು ಢಣ್ಣೆಂದು ಒದ್ದು ತೆಗೆಯುತ್ತಾಳೆ. ಅಲ್ಲಿ ಚೊಂಬುಗಟ್ಟಲೆ ನೀರು ಚೆಲ್ಲುತ್ತಾಳೆ. ನೀರಿಗಾಗಿ ಒಮ್ಮೆ ಗದರಿದ ಮೇಲೆ ಅದನ್ನೇನೋ ಬಿಟ್ಟಳು, ಆದರೆ ಅಂದಿನಿಂದ ಗೇಟನ್ನೇ ಹಾಕದೆ ಹೋಗತೊಡಗಿದಳು. ಕೊನೆಗೊಂದು ದಿನ ಬೀದಿಯ ಹಸುವೊಂದು ಒಳಗೆ ಬಂದು, ನಾನು ಕಟ್ಟೆಯುದ್ದಕ್ಕೂ ಹಬ್ಬಿಸಿದ್ದ ಬಸಳೆಯನ್ನು ಬುಡದವರೆಗೆ ಸವಿದು ಹೋಯಿತು. ನಮ್ಮ ಯಜಮಾನರು, ಹಸುವಿಗೆ ರುಚಿಯ ಅರಿವಿದೆ ಎಂದು ಹೇಳಿ ಮಗ್ಗುಲು ಬದಲಿಸಿದರು.

ಮರುದಿನ ಬೆಳಿಗ್ಗೆ ಏಳಕ್ಕೇ ಮಹಾದೇವಿಯನ್ನು ಕೆಳಗೆ ಕರೆದೆ. ನಿವೃತ್ತಿಯಾದರೂ ಸವೆಯದ ನನ್ನ ತರಗತಿಯ ಧ್ವನಿಯಲ್ಲಿ ಶಿಸ್ತು, ಜವಾಬ್ದಾರಿ, ಗೋವಿನ ಬಾಯಿಗೆ ಬಿದ್ದ ಸೊಪ್ಪು ಎಲ್ಲವನ್ನೂ ವಿವರಿಸಿದೆ.

“ಹಾಕೇ ಹೋಗ್ತೇನ್ರೀ ಅಕ್ಕೋರ. ಮಧ್ಯಾಹ್ನದಾಗ ಅದು ಕೂಡೂದಿಲ್ಲ,” ಎಂದಳು.

ನಾನು ಎರಡೇ ಬೆರಳಿನಿಂದ ಗೇಟನ್ನೆಳೆದೆ. ವಿಧೇಯ ವಿದ್ಯಾರ್ಥಿಯಂತೆ ಅದು ಬಂದು ಕೂತಿತು. ಚಿಲಕ ಸರಾಗವಾಗಿ ಸರಿಯಿತು. “ನೋಡು, ಕೂಡ್ತಲ್ಲ,” ಎಂದೆ. ಅವಳು ಗೇಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಮೆಟ್ಟಿಲು ಹತ್ತಿದಳು. ವಾರದೊಳಗೆ, ಬಿಟಿಎಂನಲ್ಲಿ ಕೆಲಸಕ್ಕೆ ಹತ್ತಿರವಾಗುವಂತೆ ಒಂದು ಕೋಣೆ ನೋಡಿದ್ದೇನೆ, ತಿಂಗಳ ಕೊನೆಗೆ ಮನೆ ಬಿಡುತ್ತೇನೆ ಎಂದು ತಿಳಿಸಿದಳು. ಒಳ್ಳೆಯದೇ ಆಯಿತು ಎಂದೆ. ಆ ರಾತ್ರಿಯ ಊಟ ಮಾತ್ರ ಯಾಕೋ ರುಚಿಸಲಿಲ್ಲ, ಬಸಳೆಯಿಲ್ಲದ್ದಕ್ಕೆ ಎಂದುಕೊಂಡೆ.

ಬೇಸಿಗೆಯ ಮಧ್ಯಾಹ್ನಗಳಲ್ಲಿ ನಾನು ಫ್ಯಾನಿನ ಕೆಳಗಿನಿಂದ ಏಳುವವಳಲ್ಲ. ಆದರೆ ಒಂದು ದಿನ ಯಜಮಾನರ ಬಿಪಿ ಮಾತ್ರೆ ಮುಗಿದಿತ್ತೆಂದು ನಡುಬಿಸಿಲಿನಲ್ಲೇ ಔಷಧದ ಅಂಗಡಿಗೆ ಹೋಗಬೇಕಾಯಿತು. ಹೊರಡುವಾಗ ಗೇಟು ಅಲುಗದೆ, ಕಾಲಿನಿಂದ ಒದೆಯಬೇಕಾಯಿತು. ಹಿಂದಿರುಗಿ ಬಂದು ಹಾಕಹೋದರೆ ಅಂಗೈ ಸುಟ್ಟಿತು. ಸೆರಗು ಸುತ್ತಿಕೊಂಡು ತಳ್ಳಿದೆ. ಭುಜ ಕೊಟ್ಟು ನೂಕಿದೆ. ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬೆನ್ನು ಹಚ್ಚಿಯೂ ದಬ್ಬಿದೆ. ಕಂಬಕ್ಕೆ ಬಂದು ತಾಗುತ್ತಿತ್ತೇ ವಿನಾ ಒಳಗೆ ಕೂರಲಿಲ್ಲ. ಕೀಲು ಮುರಿದಿರಬೇಕೆಂದು ಮುನಿರಾಜುವಿಗೆ ಫೋನು ಮಾಡಿದೆ.

ಆತ ಅರ್ಧ ಗಂಟೆಯಲ್ಲಿ ಬಂದ. ಕೀಲಿನತ್ತ ಕಣ್ಣು ಸಹ ಹಾಯಿಸದೆ, ಗೇಟಿನ ಅಂಚಿನ ಮೇಲೆ ಬೆರಳಿಟ್ಟು ತಕ್ಷಣ ತೆಗೆದ.

“ಬಿಸ್ಲಿಗೆ ಕಬ್ಬಿಣ ಬೆಳೆಯುತ್ತೆ ಮೇಡಂ. ಅದಕ್ಕೇ ಒಂದು ನೂಲು ಗ್ಯಾಪ್ ಬಿಡ್ತೀನಿ ಅಂದಿದ್ದು,” ಎಂದ.

ಓದುಗರೇ, ನಾನು ಹೈಸ್ಕೂಲಿನಲ್ಲಿ ಕಲಿಸುತ್ತಿದ್ದುದು ವಿಜ್ಞಾನವೆಂಬುದನ್ನು ಇಷ್ಟು ಹೊತ್ತು ಮುಚ್ಚಿಟ್ಟಿದ್ದೇನೆ, ಕ್ಷಮಿಸಬೇಕು. ಮೂವತ್ತೊಂದು ವರ್ಷ, ವರ್ಷಕ್ಕೆ ಮೂರು ವಿಭಾಗಗಳಂತೆ, ಬಳೆಯೊಳಗೆ ಸಲೀಸಾಗಿ ತೂರುವ ಹಿತ್ತಾಳೆಯ ಗುಂಡನ್ನು ಸ್ಪಿರಿಟ್ ದೀಪದ ಮೇಲೆ ಕಾಯಿಸಿ, ಅದು ಬಳೆಯ ಮೇಲೆಯೇ ಕೂತುಬಿಡುವುದನ್ನು ತೋರಿಸಿ, ‘ಉಷ್ಣದಿಂದ ಘನವಸ್ತುಗಳು ಹಿಗ್ಗುತ್ತವೆ’ ಎಂದು ಮಕ್ಕಳಿಂದ ಒಕ್ಕೊರಲಿನಲ್ಲಿ ಹೇಳಿಸಿದವಳು ನಾನು. ರೈಲುಕಂಬಿಗಳ ನಡುವೆ ಸಂದು ಏಕೆ ಬಿಡುತ್ತಾರೆಂಬ ಪ್ರಶ್ನೆಗೆ ಉತ್ತರಿಸದವರ ಅಂಕವನ್ನು ನಿರ್ದಾಕ್ಷಿಣ್ಯವಾಗಿ ಕಡಿದವಳೂ ನಾನೇ. ಹಿಗ್ಗು ಎಂದರೆ ನಮ್ಮ ಭಾಷೆಯಲ್ಲಿ ಸಂತೋಷವೂ ಹೌದಲ್ಲವೇ. ಗುಂಡು ಹಿಗ್ಗಿದಾಗಲೆಲ್ಲ ಮಕ್ಕಳೂ ಹಿಗ್ಗುತ್ತಿದ್ದರು. ಈಗ ಗೇಟು ಹಿಗ್ಗಿತ್ತು, ಟೀಚರು ಕುಗ್ಗಿದ್ದಳು. ಬೆಳಗಿನ ಏಳರ ಅಳತೆಯನ್ನು ಹಿಡಿದು ನಾನು ಮಧ್ಯಾಹ್ನದ ಒಂದೂವರೆಯನ್ನು ವಿಚಾರಣೆ ಮಾಡಿದ್ದೆ. ಮುನಿರಾಜು ಗ್ರೈಂಡಿಂಗ್ ಯಂತ್ರದಿಂದ ಪಟ್ಟಿಯನ್ನು ಒಂದು ನೂಲು ಸವೆಸಿದ. ಕಿಡಿಗಳು ಹಾರುವಷ್ಟು ಹೊತ್ತೂ ನಾನು ಬಿಸಿಲಲ್ಲೇ ನಿಂತಿದ್ದೆ, ನೆರಳಿಗೆ ಹೋಗಲು ಮನಸ್ಸಾಗಲಿಲ್ಲ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಮಹಡಿ ಹತ್ತಿದೆ. ಎರಡು ವರ್ಷದಲ್ಲಿ ಆ ಮನೆಯೊಳಗೆ ನಾನು ಕಾಲಿಡುತ್ತಿದ್ದುದು ಅದೇ ಮೊದಲು. ಗೋಡೆಯ ಬದಿಗೆ ಹಗ್ಗ ಬಿಗಿದ ಎರಡು ರಟ್ಟಿನ ಪೆಟ್ಟಿಗೆಗಳಿದ್ದವು. ಮಹಾದೇವಿ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮೆಟ್ಟಿಲ ಮೇಲೆ ಸಿದ್ಧಪಡಿಸಿಕೊಂಡಿದ್ದ ನನ್ನ ಪೀಠಿಕೆ ಬಾಗಿಲಲ್ಲೇ ಮರೆತುಹೋಯಿತು.

“ಗೇಟು ಕೂಡ್ತಿರಲಿಲ್ಲ ಮಹಾದೇವಿ. ನೀನು ಹೇಳಿದ್ದೇ ಸರಿ, ನಾನು ಕೇಳಲಿಲ್ಲ. ತಪ್ಪು ನನ್ನದು,” ಎಂದೆ.

ಅವಳು ಹೆಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿದಳು.

“ನೀರು ಹಾಕಿದ್ರ ಕೂಡತಿತ್ರೀ,” ಎಂದಳು ಮೆಲ್ಲಗೆ. “ಒಂದ ಚೊಂಬು ಹಾಕಿ, ಆರೋತನಕ ನಿಂತು, ಹಾಕಿ ಹೋಗತಿದ್ದೆ. ನೀವು ನೀರು ಚೆಲ್ಲಬ್ಯಾಡ ಅಂದ್ರಲ್ರೀ.”

ಅಂದರೆ ಹಸುವಿಗೆ ಬಾಗಿಲು ತೆರೆದುಕೊಟ್ಟವಳೂ ನಾನೇ. ಕುಗ್ಗುವುದರಲ್ಲಿ ಇನ್ನೂ ಒಂದು ಮಜಲು ಬಾಕಿಯಿತ್ತೆಂದು ಆಗ ತಿಳಿಯಿತು. ಪಾಠ ಹೇಳಿದ್ದು ನಾನು, ಪ್ರಯೋಗ ಮಾಡಿದ್ದು ಅವಳು ಎಂದೆ. ಅಂಕ ಕೊಡುವ ಅಧಿಕಾರ ಮಾತ್ರ ಇನ್ನು ನನ್ನಲ್ಲಿ ಉಳಿದಿಲ್ಲವೆಂದೂ ಒಪ್ಪಿಕೊಂಡೆ. ಅವಳ ತುಟಿಯ ಅಂಚು ಸ್ವಲ್ಪ ಸಡಿಲಿತು. ನಿಲ್ಲಬೇಡಿ, ಕೂತುಕೊಳ್ಳಿ ಎಂದು ಮಣೆ ಸರಿಸಿದಳು.

ರೊಟ್ಟಿ ಬೆಂಕಿಗೆ ಬುಗ್ಗೆಯಂತೆ ಉಬ್ಬಿತು. ಅದನ್ನು ತಟ್ಟೆಗೆ ಹಾಕಿ, ಪಕ್ಕದಲ್ಲಿ ಶೇಂಗಾ ಚಟ್ನಿಪುಡಿಯಿಟ್ಟು, ಮೇಲೆ ಮೊಸರು ಹಾಕಿ ನನ್ನ ಮುಂದಿಟ್ಟಳು. ನಾನು ಮೊದಲ ತುತ್ತಿಗೇ ಬೆರಳು ಸುಟ್ಟುಕೊಂಡೆ. ಹೋಗಬೇಡ ಎಂದು ಕೇಳುವ ಧೈರ್ಯವಾಗಲಿಲ್ಲ, ತಟ್ಟೆ ಖಾಲಿ ಮಾಡಿದೆ. ಎರಡನೆಯ ರೊಟ್ಟಿಯನ್ನೂ ಬಡಿಸಿ, ಕೈತೊಳೆದು, ಅವಳು ಫೋನು ತೆಗೆದುಕೊಂಡಳು. ಬಿಟಿಎಂನ ಮನೆಯವರಿಗೆ, ಕೋಣೆಯನ್ನು ಬೇರೆ ಯಾರಿಗಾದರೂ ಕೊಟ್ಟುಬಿಡಿ ಎಂದಳು. ಯಾಕೆ, ಏನಾಯಿತು ಎಂದು ಅವರು ಕೇಳಿರಬೇಕು.

“ಏನಿಲ್ರೀ, ಇಲ್ಲೇ ಸರಿ ಆತು,” ಎಂದು ಫೋನಿಟ್ಟು, ಮೂರನೆಯ ರೊಟ್ಟಿಗೆ ಹಿಟ್ಟು ನಾದತೊಡಗಿದಳು.