ಚಿನ್ನ ಒಗ್ಗದ ಮೈ

ಭೀಮನಬೀಡಿನಿಂದ ಚಾಮರಾಜನಗರಕ್ಕೆ ಸೊಸೆಯಾಗಿ ಬಂದಾಗ ನನಗೆ ಹದಿನಾರು ವರ್ಷ. ಮದುವೆಯಲ್ಲಿ ನನ್ನಪ್ಪ ಎರಡೆಳೆಯ ಚಿನ್ನದ ಸರ ಹಾಕಿದ್ದ. ಗಂಡಿನ ಕಡೆಯಿಂದ ಓಲೆ, ಜುಮುಕಿ ಬಂದಿದ್ದವು. ತಿಂಗಳೊಳಗೆ ನನ್ನ ಎರಡೂ ಕಿವಿ ಬಾತುಕೊಂಡವು. ತೂತಿನಿಂದ ಕೀವು ಸುರಿಯಿತು, ಸುತ್ತಲಿನ ಚರ್ಮ ಹಸಿರುಗಟ್ಟಿತು. ಓಲೆ ತೆಗೆದು ಬೇವಿನ ಕಡ್ಡಿ ಸಿಕ್ಕಿಸಿಕೊಂಡರೆ ನಾಲ್ಕು ದಿನಕ್ಕೆ ಒಣಗುತ್ತಿತ್ತು. ಅಷ್ಟರಲ್ಲಿ ಯಾರೋ ನೆಂಟರು ಬರುತ್ತಿದ್ದರು, ಅತ್ತೆ ಮತ್ತೆ ಓಲೆ ಹಾಕಿಸುತ್ತಿದ್ದರು. ಗಂಡನಿಗೆ ತೋರಿಸಿದೆ. "ಅವ್ವನ್ನ ಕೇಳು" ಎಂದರು. ಯಾವುದಕ್ಕೂ ಅವರದ್ದು ಅದೇ ಮಾತು.

ಕೊನೆಗೆ ಅತ್ತೆಯೇ ಆಭರಣ ಮಾಡುವ ಆಚಾರಿಯನ್ನು ಮನೆಗೆ ಕರೆಸಿದರು. ಓಲೆ ಮಾಡಿಕೊಟ್ಟವನೂ ಅವನೇ. ಜಗುಲಿಯ ಮೇಲೆ ಕೂತು ಓಲೆಯನ್ನು ಒರೆಗಲ್ಲಿಗೆ ತಿಕ್ಕಿದ. ಹಳದಿ ಗೀರು ಬಿತ್ತು. ಓಲೆಯ ಅದೇ ಜಾಗವನ್ನು ಇನ್ನೆರಡು ಸಲ ಒತ್ತಿ ತಿಕ್ಕಿದಾಗ ಗೀರು ಕೆಂಪಗಾಯಿತು. ಅದರ ಅರ್ಥ ನನಗೆ ತಿಳಿಯಲಿಲ್ಲ. ಆಚಾರಿ ಅತ್ತೆಯ ಮುಖ ನೋಡಿದ. ಅತ್ತೆ ಅವನ ಮುಖವನ್ನೇ ನೋಡುತ್ತಿದ್ದರು. ಅವನು ಹೆಬ್ಬೆರಳಿನಿಂದ ಕಲ್ಲನ್ನು ಒರೆಸಿದ.

"ಚಿನ್ನ ಚೆಂದಾಗದೆ ಕಣವ್ವ. ಕೆಲವ್ರ ಮೈಗೆ ಚಿನ್ನ ಒಗ್ಗಕಿಲ್ಲ. ಉಷ್ಣದ ಮೈ."

ಆ ಮಾತು ಬೀದಿಯೆಲ್ಲ ಹರಡಿತು. ನೀರಿಗೆ ಹೋದರೆ ಹೆಂಗಸರು ನನ್ನ ಕಿವಿ ನೋಡಿ ಲೊಚಗುಟ್ಟುತ್ತಿದ್ದರು. ಹೆಣ್ಣಾಗಿ ಹುಟ್ಟಿ ಚಿನ್ನ ತಡೆಯದ ಮೈ ಎಂದರೆ ಪಾಪದ ಫಲ ಎಂದು ಒಬ್ಬಳು ನನ್ನೆದುರೇ ಹೇಳಿದಳು. ನಾನೂ ನಂಬಿದೆ. ಹದಿನೈದು ದಿನ ಕಳೆದ ಮೇಲೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು.

"ಕಿವಿಗೇ ಇಂಗಾಯ್ತು, ಕತ್ಗೂ ಆದ್ರೆ ಏನ್ ಮಾಡೀಯೆ? ಆ ಸರ ಬಿಚ್ಚಿ ಕೊಡು. ಮಗಳು ಆಕ್ಕಳ್ಲಿ."

ಬಿಚ್ಚಿ ಕೊಟ್ಟೆ. ನನ್ನ ಕತ್ತಿಗೆ ಏನೂ ಆಗಿರಲಿಲ್ಲ. ಅದನ್ನು ಹೇಳುವ ಬುದ್ಧಿ ನನಗೆ ಆಗ ಬರಲಿಲ್ಲ. ನನಗಿಂತ ಎರಡು ವರ್ಷ ಚಿಕ್ಕವಳಾದ ನಾದಿನಿ ಆ ಸಂಜೆಯೇ ಸರ ಹಾಕಿಕೊಂಡು ಓಡಾಡಿದಳು.

ನೆಂಟರು ಬಂದಾಗಲೆಲ್ಲ ಓಲೆ ಹಾಕಿಸುವುದನ್ನು ಮಾತ್ರ ಅತ್ತೆ ಬಿಡಲಿಲ್ಲ. ಮೊದಲ ಬಾಣಂತನಕ್ಕೆ ತವರಿಗೆ ಹೋದಾಗ ಎಡಗಿವಿಯ ಹಾಲೆ ಹರಿದು ಎರಡಾಗಿತ್ತು. ಅವ್ವ ನೋಡಿ ಅತ್ತಳು. ಅಪ್ಪ ಓಲೆಗಳನ್ನು ವಸ್ತ್ರದಲ್ಲಿ ಕಟ್ಟಿಕೊಂಡು ನನ್ನನ್ನೂ ಕರೆದುಕೊಂಡು ಗುಂಡ್ಲುಪೇಟೆಗೆ ಹೋದ. ಅಲ್ಲಿನ ಮುದುಕ ಅಕ್ಕಸಾಲಿ ಒರೆಗಲ್ಲನ್ನೇ ಮುಟ್ಟಲಿಲ್ಲ. ಅರದಿಂದ ಓಲೆಯ ಹಿಂಬದಿಯನ್ನು ಉಜ್ಜಿ ನಮ್ಮೆದುರು ಹಿಡಿದ. ಒಳಗೆ ಬರೀ ತಾಮ್ರ. ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಚಿನ್ನದ ರೇಕು.

"ಬೆವರಿಗೆ ತಾಮ್ರ ಕಿಲುಬು ಬಿಟ್ಟದೆ ಗೌಡ್ರೇ. ಮಗಿನ ಮೈಯಾಗೆ ಏನೂ ದೋಸ ಇಲ್ಲ."

ನನಗೆ ಕೂಗಿ ಹೇಳಬೇಕೆನಿಸಿತು, ಯಾರಿಗೆ ಎಂದು ತಿಳಿಯಲಿಲ್ಲ. ಬಸ್ಸಿಗೆ ಕಾಯುವಾಗ ಅಪ್ಪ ಓಲೆಗಳನ್ನು ಮತ್ತೆ ವಸ್ತ್ರದಲ್ಲಿ ಕಟ್ಟಿದ. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದ: "ಇದ್ನ ಅಲ್ಲಿ ಎತ್ತಬ್ಯಾಡ ಕಣಮ್ಮಿ. ನಿನ್ ತಂಗೀರು ಇಬ್ರವ್ರೆ. ಜಗಳಗಂಟ್ರು ಮನೆ ಅಂದ್ರೆ ಯಾರ್ ಎಣ್ ತಗಂಡಾರು?"

ಎತ್ತಲಿಲ್ಲ. ಆದರೆ ಕೂಸಿನೊಂದಿಗೆ ಹಿಂದಿರುಗಿದ ದಿನ ಅತ್ತೆ ಓಲೆ ಎಲ್ಲಿ ಎಂದಾಗ, ಉಜ್ಜಿದ ಬದಿ ಮೇಲೆ ಮಾಡಿ ಅವರ ಕೈಗಿಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಗೊತ್ತಾಯ್ತಲ್ಲ, ಬುಡು. ನಂಗೂ ಇಂತವೇ ಆಕಿದ್ರು."

ಆಗಷ್ಟೇ ಅವರ ಕಿವಿಗಳನ್ನು ಗಮನವಿಟ್ಟು ನೋಡಿದೆ. ಸದಾ ತಲೆಗೆ ಹೊದ್ದಿರುತ್ತಿದ್ದ ಸೆರಗಿನೊಳಗೆ ಎರಡೂ ಹರಿದು ಗಂಟುಗಟ್ಟಿದ್ದವು. ಕನಿಕರ ಹುಟ್ಟಬೇಕಿತ್ತೇನೋ. ಹುಟ್ಟಲಿಲ್ಲ. ಆ ನೋವು ಗೊತ್ತಿದ್ದವಳೇ ನನಗೆ ಮಾಡಿದಳಲ್ಲ ಎಂದು ಇನ್ನಷ್ಟು ಹೇಸಿಗೆಯಾಯಿತು.

ನಾದಿನಿಯನ್ನು ಹರವೆ ಎಂಬ ಊರಿಗೆ ಕೊಟ್ಟರು. ಮದುವೆ ನಮ್ಮ ಮನೆಯಲ್ಲೇ ಆಯಿತು. ಅಪ್ಪ ಬಂದಿದ್ದ. ನನಗೆಂದು ತಾನು ಮಾಡಿಸಿದ್ದ ಸರ ತೊಟ್ಟು ಕೂತಿದ್ದವಳ ತಲೆಯ ಮೇಲೆ ಅಕ್ಷತೆ ಹಾಕಿ, ಪಂಕ್ತಿಯಲ್ಲಿ ಊಟಕ್ಕೆ ಕೂತ. ನಾನೇ ಬಡಿಸಿದೆ. ಅಪ್ಪ ಎಲೆಯಿಂದ ತಲೆ ಎತ್ತಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಪಾಯಸ ಚೆಂದಾಗಿತ್ತು ಕಣವ್ವ" ಎಂದ. ನಾನು ಎಂಜಲೆಲೆ ಎತ್ತಲು ಒಳಗೆ ಹೋದೆ.